ಖಾತೆ ಯಾರ ಹೆಸರಿಗಿದೆ?

ನಮ್ಮ ದೊಡ್ಡೇರಿ ಕಡೆ ‘ಖಾತೆ’ ಎಂದರೆ ಮೊದಲು ನೆನಪಾಗುವುದು ಜಮೀನು. ‘ಖಾತೆ ಆಯ್ತಾ?’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರೆ, ಅಪ್ಪ ತೀರಿಕೊಂಡ ಮೇಲೆ ಹೊಲ ಮಕ್ಕಳ ಹೆಸರಿಗೆ ಬಂತೇ, ಅಣ್ಣತಮ್ಮಂದಿರ ಭಾಗ ಪಹಣಿಗೆ ಏರಿತೇ ಎಂದು ಅರ್ಥ. ಈ ಮಾತಿನ ಹಿಂದೆ ಎಷ್ಟು ಜಗಳ, ಎಷ್ಟು ಓಡಾಟ, ಎಷ್ಟು ಕಣ್ಣೀರು ಇದೆ ಎಂಬುದು ಹಳ್ಳಿಯಲ್ಲಿ ಹುಟ್ಟಿ ಪೇಟೆಗೆ ಬಂದ ಹೆಂಗಸರಿಗೆಲ್ಲ ಗೊತ್ತು. ಈಗ ಅದೇ ಮಾತು ನಮ್ಮ ಮನೆಯ ಮಕ್ಕಳ ಬಾಯಿಗೂ ಬಂದಿದೆ. ಅವರು ‘ಅಕೌಂಟು’ ಎನ್ನುತ್ತಾರೆ, ಅಷ್ಟೇ. ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಅಕೌಂಟು ಹೋಯಿತೇ, ಅದರಲ್ಲಿ ಕೊಂಡ ಆಟಗಳು ಹೋದವೇ ಎಂದು ಅವರು ಪಡುವ ಆತಂಕ ನಾಡಕಚೇರಿಯ ಮುಂದೆ ನಿಂತವರ ಆತಂಕಕ್ಕಿಂತ ಕಡಿಮೆಯದೇನಲ್ಲ.

ವಿಡಿಯೊ ಗೇಮಿನ ವಿಷಯ ನಮಗೇಕೆ, ಅದು ಹುಡುಗರ ಗೊಡವೆ ಎಂದು ಪುಟ ಮಗುಚಬೇಡಿ. ಆಡುವವರು ಮಕ್ಕಳಾದರೂ ಹಣ ಹೋಗುವುದು ಮನೆಯಿಂದ. ಎರಡು ಸಾವಿರ, ಮೂರು ಸಾವಿರ, ಒಮ್ಮೊಮ್ಮೆ ಐದು ಸಾವಿರ ರೂಪಾಯಿ ಒಂದೊಂದು ಆಟಕ್ಕೆ. ಅಷ್ಟು ಕೊಟ್ಟು ನಾವು ತಂದದ್ದು ಏನು? ಅದು ಯಾರದು? ಈ ಎರಡು ಪ್ರಶ್ನೆ ಕೇಳಿಕೊಳ್ಳಲು ಆಟ ಆಡಲು ಬರಬೇಕೆಂದೇನಿಲ್ಲ.

1990ರ ದಶಕದಲ್ಲಿ ನಮ್ಮ ಪಟ್ಟಣಗಳ ಕೆಲವು ಮನೆಗಳಿಗೆ ಟಿವಿಗೆ ಸಿಕ್ಕಿಸಿ ಆಡುವ ಆಟದ ಪೆಟ್ಟಿಗೆ ಬಂದಿತು. ಅದರ ಆಟಗಳಿಗೆ ಎಲ್ಲರೂ ಹೇಳುತ್ತಿದ್ದುದು ‘ಕ್ಯಾಸೆಟ್’ ಎಂದು. ಪ್ಲಾಸ್ಟಿಕ್ಕಿನ ಅಂಗೈಯಗಲದ ಡಬ್ಬಿ. ಆಡದೆ ಹೋದರೆ ಹುಡುಗರು ಅದರ ಬಾಯಿಗೆ ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದರು. ‘ನಿಂದು ಕೊಡು, ನಂದು ತಗೋ’ ಎಂದು ಬೀದಿಯಲ್ಲೇ ಕೈ ಬದಲಾಗುತ್ತಿತ್ತು. ಬೇಸರವಾದರೆ ಅರ್ಧ ಬೆಲೆಗೆ ಮಾರುತ್ತಿದ್ದರು. ಅಣ್ಣ ದೊಡ್ಡವನಾದರೆ ತಮ್ಮನಿಗೆ, ತಮ್ಮನೂ ದೊಡ್ಡವನಾದರೆ ಚಿಕ್ಕಪ್ಪನ ಮಕ್ಕಳಿಗೆ. ಮನೆಯ ಸ್ಟೀಲ್ ಪಾತ್ರೆಗೆ ನಾವು ಹೆಸರು ಹೊಡೆಸುತ್ತೇವಲ್ಲ, ಅಮ್ಮನ ಹೆಸರಿನ ಚೊಂಬು ಮಗಳ ಮನೆಯಲ್ಲಿರುತ್ತದಲ್ಲ, ಹಾಗೆ. ಕೊಡಬಹುದು, ಎರವಲು ತರಬಹುದು, ಮಾರಬಹುದು, ಬಿಟ್ಟು ಹೋಗಬಹುದು. ‘ನನ್ನದು’ ಎಂಬ ಮಾತಿಗೆ ಈ ನಾಲ್ಕು ಅರ್ಥವೂ ಇತ್ತು.

ಈಗಿನ ಆಟಗಳಿಗೆ ಡಬ್ಬಿ ಬೇಕೇ ಬೇಕೆಂದಿಲ್ಲ. ಅಂತರ್ಜಾಲದ ಅಂಗಡಿಯಲ್ಲಿ ಹಣ ಕಟ್ಟಿದರೆ ಆಟ ಯಂತ್ರಕ್ಕೆ ಇಳಿದು ಬರುತ್ತದೆ. ಮಧುಗಿರಿಗೂ ಬೇಡ, ಬೆಂಗಳೂರಿಗೂ ಹೋಗುವುದು ಬೇಡ. ಇದು ಅನುಕೂಲವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೀಗೆ ಬಂದದ್ದು ನಿಜವಾಗಿ ಯಾರದು ಎಂಬುದು ಆಡುವಾಗ ಗೊತ್ತಾಗುವುದಿಲ್ಲ, ಮನೆ ಬದಲಿಸುವಾಗ ಗೊತ್ತಾಗುತ್ತದೆ. ಈ ಪಾಠ ಹೆಂಗಸರಿಗೆ ಹೊಸದಲ್ಲ. ತವರಿನಲ್ಲಿದ್ದಷ್ಟು ದಿನ ಎಲ್ಲವೂ ತನ್ನದೇ ಎಂದುಕೊಂಡವಳಿಗೆ, ಮದುವೆಯಾಗಿ ಹೊರಟ ದಿನ ಯಾವುದು ಜೊತೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿಯುತ್ತದೆ.

ನನ್ನ ಅಕ್ಕನ ಮನೆಯಲ್ಲಿ ಆದದ್ದು ಇಷ್ಟು. ಅವಳು ಹೊಲಿಗೆಯ ಹಣದಲ್ಲಿ, ಚೀಟಿ ಎತ್ತಿ, ಮಕ್ಕಳಿಬ್ಬರಿಗೂ ಸೇರಿ ಒಂದು ಆಟದ ಯಂತ್ರ ಕೊಡಿಸಿದ್ದಳು. ಯಾವ ಕಂಪನಿಯದೆಂದು ಹೆಸರು ಹೇಳುವ ಅಗತ್ಯವಿಲ್ಲ. ಖಾತೆ ತೆರೆದದ್ದು ದೊಡ್ಡವನು, ಅವನಿಗೇ ಅದು ಬರುತ್ತಿದ್ದುದು. ಆರು ವರ್ಷದಲ್ಲಿ ಅದರಲ್ಲಿ ಇಪ್ಪತ್ತರ ಹತ್ತಿರ ಆಟಗಳಾದವು. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಮೊದಲ ಸಂಬಳದಲ್ಲಿ ಹೊಸ ಯಂತ್ರ ಕೊಂಡ, ತನ್ನ ಖಾತೆ ಹಾಕಿದ, ಒಂದು ರಾತ್ರಿಯಲ್ಲಿ ಆಟಗಳೆಲ್ಲ ಅಲ್ಲಿ ಇಳಿದವು. ‘ಇದೇ ನಿಮ್ಮ ಮನೆಯ ಯಂತ್ರವೇ?’ ಎಂದು ಅದು ಕೇಳಿದ್ದಕ್ಕೆ ಹೌದೆಂದು ಒತ್ತಿದ. ಮಾರನೆಯ ದಿನ ಇಲ್ಲಿ ಅವನ ತಂಗಿ ಯಂತ್ರ ಹಾಕಿದರೆ ಪ್ರತಿಯೊಂದು ಆಟದ ಮೇಲೂ ಬೀಗದ ಚಿತ್ರ. ಎರಡು ವರ್ಷದಿಂದ ಅವಳು ಒಂದು ಬೇಸಾಯದ ಆಟ ಆಡಿಕೊಂಡು ಬಂದಿದ್ದಳು. ಅವಳು ಮಾಡಿದ ಬೆಳೆ, ಕಟ್ಟಿದ ಕೊಟ್ಟಿಗೆ ಎಲ್ಲ ಅವಳ ಹೆಸರಿನಲ್ಲಿ ಯಂತ್ರದಲ್ಲಿ ಭದ್ರವಾಗಿಯೇ ಇತ್ತು. ಒಳಗೆ ಹೋಗಲು ಮಾತ್ರ ಆಗುತ್ತಿರಲಿಲ್ಲ.

‘ಚಿಕ್ಕಮ್ಮ, ಆಟ ಎಲ್ಲಾ ಅಣ್ಣನ ಅಕೌಂಟಲ್ಲಿದೆ. ನಂಗೆ ಓಪನ್ ಆಗಲ್ಲ’ ಎಂದಳು.

‘ದುಡ್ಡು ಕೊಟ್ಟೋಳು ನಾನು ಕಣೇ. ಅವನ್ದು ಹೆಂಗಾಯ್ತು?’ ಎಂದು ಅಕ್ಕ ನನ್ನನ್ನೇ ಕೇಳಿದಳು.

ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಆ ಕಂಪನಿಯ ಒಪ್ಪಂದವನ್ನೂ, ಬೇರೆ ಒಂದೆರಡು ಕಂಪನಿಗಳದ್ದನ್ನೂ ಕೂತು ಓದಿದೆ. ಕಥೆ ಕಾದಂಬರಿಯನ್ನು ವಿಮರ್ಶೆ ಮಾಡುವ ಹಾಗೆ ಇವನ್ನೂ ಮಾಡಬೇಕು ಎಂದು ಆಗ ಅನ್ನಿಸಿತು. ಯಾಕೆಂದರೆ ಕಾದಂಬರಿ ಓದದವರ ಮನೆಯಲ್ಲೂ ಈ ಬರಹಕ್ಕೆ ‘ಒಪ್ಪಿದೆ’ ಎಂದು ಒತ್ತಿದವರು ಒಬ್ಬರಾದರೂ ಇದ್ದೇ ಇರುತ್ತಾರೆ. ನಾನು ಓದಿದವುಗಳಲ್ಲಿ ಒಂದೂ ಕನ್ನಡದಲ್ಲಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ಬರಹಗಳ ಮೊದಲ ದೋಷ ಭಾಷೆಯದು. ಅಂಗಡಿಯ ತೆರೆಯ ಮೇಲೆ ದೊಡ್ಡಕ್ಷರದಲ್ಲಿ ಇರುವ ಮಾತು ‘ಕೊಳ್ಳಿ’. ಒಪ್ಪಂದದ ಒಳಗೆ ಸಣ್ಣಕ್ಷರದಲ್ಲಿ ಇರುವುದು ‘ಪರವಾನಗಿ’, ಅಂದರೆ ಲೈಸೆನ್ಸು. ನಿಮಗೆ ಆಡಲು ಅನುಮತಿ ಕೊಟ್ಟಿದ್ದೇವೆ, ಆಟವನ್ನು ಮಾರಿಲ್ಲ, ಈ ಅನುಮತಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಅದರ ಸಾರಾಂಶ. ನಮ್ಮ ಹಳೆಯ ಕ್ರಯಪತ್ರಗಳನ್ನು ಓದಿದವರಿಗೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ಪುತ್ರಪೌತ್ರ ಪಾರಂಪರ್ಯವಾಗಿ, ದಾನ ವಿಕ್ರಯಾದಿ ಹಕ್ಕುಗಳ ಸಮೇತ ಅನುಭವಿಸಿಕೊಂಡು ಬರತಕ್ಕದ್ದು ಎಂದು ಬಾಯ್ತುಂಬ ಬರೆದಿರುತ್ತದೆ. ಭಾಷೆ ಭಾರವಾಯಿತೆಂದು ನಾವು ನಗಬಹುದು. ಆದರೆ ಕೊಂಡವನಿಗೆ ಏನೇನು ಬಂತು ಎಂಬುದನ್ನು ಅದು ಮುಚ್ಚಿಡುವುದಿಲ್ಲ.

ಕ್ರಯವಲ್ಲದ್ದನ್ನು ಕ್ರಯವಲ್ಲ ಎಂದು ಹೇಳುವುದೂ ನಮಗೆ ಗೊತ್ತಿದೆ. ಪಕ್ಕದ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಲಿನ ಐದು ಹಳ್ಳಿಗಳಲ್ಲಿ, ಸೌರವಿದ್ಯುತ್ ಪಾರ್ಕಿಗಾಗಿ ಸುಮಾರು 13,000 ಎಕರೆ ಜಮೀನು ಕೊಟ್ಟರು. ಪಾರ್ಕು 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ ಎಂದು ಆರಂಭದ ಕರಾರು. ಭೂಮಿಯಿಲ್ಲದ ಕೂಲಿ ಹೆಂಗಸರಿಗೆ ಇದರಿಂದ ಏನು ಸಿಕ್ಕಿತು ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳಲೇಬೇಕು. ಆದರೆ ಗುತ್ತಿಗೆಯನ್ನು ಗುತ್ತಿಗೆ ಎಂದೇ ಕರೆದರು. ಆಟದ ಅಂಗಡಿಯವರಿಗೆ ಈ ಒಂದು ಮಾತು ಹೇಳಲು ಇಷ್ಟು ವರ್ಷ ಏಕೆ ಬಾಯಿ ಬರಲಿಲ್ಲ?

ಕಾನೂನು ಕೇಳಿದ ಮೇಲೆ ಸ್ವಲ್ಪ ಬಾಯಿ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಒಂದು ಕಾಯ್ದೆ ಮಾಡಿತು. 2025ರ ಜನವರಿ 1ರಿಂದ ಅಲ್ಲಿ ಡಿಜಿಟಲ್ ಸಾಮಾನು ಮಾರುವವರು, ಕೊಡುತ್ತಿರುವುದು ಬರೀ ಪರವಾನಗಿಯಾದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎನ್ನುವಂತಿಲ್ಲ. ಕಾಯ್ದೆ ಜಾರಿಗೆ ಬರುವ ಮೊದಲೇ, ಕಂಪ್ಯೂಟರ್ ಆಟಗಳ ದೊಡ್ಡ ಅಂಗಡಿಯಾದ ಸ್ಟೀಮ್, ಹಣ ಕಟ್ಟುವ ಜಾಗದಲ್ಲಿ ಈ ವಿಷಯ ಬರೆದು ಹಾಕಿತು. ಕಾಯ್ದೆ ಯಾರ ಹಕ್ಕನ್ನೂ ಹೆಚ್ಚು ಮಾಡಲಿಲ್ಲ, ಸುಳ್ಳು ಮಾತನ್ನಷ್ಟೇ ತಡೆಯಿತು. ಅದೂ ಸಣ್ಣ ಕೆಲಸವಲ್ಲ.

ಇನ್ನು ವರ್ಗಾವಣೆಯ ವಿಷಯ. ಇಲ್ಲಿ ಎಲ್ಲ ಕಂಪನಿಗಳೂ ಒಂದೇ ಎಂದು ಬೈಯುವುದು ನ್ಯಾಯವಲ್ಲ. ಜಪಾನಿನ ನಿಂಟೆಂಡೊ ಕಂಪನಿಯ ‘ವೀ’ ಯಂತ್ರ 2006ರಲ್ಲಿ ಬಂತು. ಅದರಲ್ಲಿ ಕೊಂಡ ಆಟಗಳು ಮನುಷ್ಯರ ಹೆಸರಿಗಲ್ಲ, ಯಂತ್ರಕ್ಕೇ ಅಂಟಿಕೊಂಡಿರುತ್ತಿದ್ದವು. 2012ರಲ್ಲಿ ‘ವೀ ಯು’ ಎಂಬ ಹೊಸದು ಬಂದಾಗ ಎರಡೂ ಯಂತ್ರ ಇಟ್ಟುಕೊಂಡು, ಮೆಮೊರಿ ಕಾರ್ಡ್ ಹಾಕಿ, ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕಾಗಿತ್ತು. ಆಗ ತೆರೆಯ ಮೇಲೆ ಪಿಕ್‌ಮಿನ್ ಎಂಬ ಪುಟ್ಟ ಪುಟ್ಟ ಜೀವಿಗಳು ಸಾಮಾನು ಹೊತ್ತು ಸಾಲಾಗಿ ನಡೆಯುತ್ತಿದ್ದವು, ಲಾರಿಗೆ ಮನೆ ಸಾಮಾನು ಏರಿಸುವವರ ಹಾಗೆ. ಸೊಗಸಾದ ಕಲ್ಪನೆ. ಆದರೆ ಸಾಗಿಸುವುದಕ್ಕೆ ಮುಂಚೆಯೇ ಹಳೆಯ ಯಂತ್ರ ಕೆಟ್ಟು ಕೂತರೆ ಹೊರುವವರು ಎಲ್ಲಿಂದ ಹೊರಬೇಕು? ವೀ ಅಂಗಡಿಯನ್ನು 2019ರ ಜನವರಿ 30ರಂದು ಮುಚ್ಚಿದರು. ವೀ ಯು ಮತ್ತು ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಯಂತ್ರಗಳ ಅಂಗಡಿಯಲ್ಲಿ ಮಾರಾಟ ನಿಂತದ್ದು 2023ರ ಮಾರ್ಚ್ 27ಕ್ಕೆ.

ಆಟವನ್ನು ಯಂತ್ರದ ಬದಲು ಮನುಷ್ಯರ ಖಾತೆಗೆ ಕಟ್ಟಿದ್ದು ಮುಂದಿನ ಹೆಜ್ಜೆ. ಸೋನಿಯ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ, ಪ್ಲೇಸ್ಟೇಷನ್ 4ರಲ್ಲಿ ಕೊಂಡಿದ್ದ ಆಟಗಳಲ್ಲಿ ಹೆಚ್ಚಿನವು, ಅದೇ ಖಾತೆಯಿಂದ ಒಳಗೆ ಹೋದರೆ ಹೊಸ ಯಂತ್ರಕ್ಕೂ ಸಿಕ್ಕವು. ಇದು ಮೆಚ್ಚಬೇಕಾದದ್ದೇ. ಆದರೆ ಆ ಯಂತ್ರ ಎರಡು ಬಗೆಯಲ್ಲಿ ಬಂದಿತ್ತು, ಒಂದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇರಲಿಲ್ಲ. ಅದು ಅಗ್ಗವೆಂದು ತಂದವರ ಮನೆಯ ಹಳೆಯ ಡಿಸ್ಕುಗಳು ಕಪಾಟಿನಲ್ಲೇ ಉಳಿದವು.

ನನಗೆ ಹೆಚ್ಚು ಹಿಡಿಸಿದ್ದು ನಿಂಟೆಂಡೊ 2025ರಲ್ಲಿ ತಂದ ಒಂದು ಏರ್ಪಾಡು. ಸ್ವಿಚ್ 2 ಯಂತ್ರ ಬರುವ ಹೊತ್ತಿಗೆ, ಇಳಿಸಿಕೊಂಡ ಆಟಗಳನ್ನು ಕಾರ್ಡಿನಂತೆ ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕುವಂತೆ ಮಾಡಿದರು. ಅದೇ ಕುಟುಂಬದ ಗುಂಪಿನಲ್ಲಿರುವವರಿಗೆ ಹದಿನಾಲ್ಕು ದಿನ ಎರವಲೂ ಕೊಡಬಹುದು. ಕೊಟ್ಟವರಿಗೆ ಅಷ್ಟು ದಿನ ಆ ಆಟ ಇಲ್ಲ, ಅವಧಿ ಮುಗಿದರೆ ತಾನಾಗಿ ವಾಪಸು. ಹಳೆಯ ಕ್ಯಾಸೆಟ್ಟಿನ ಅರ್ಧ ಗುಣವಾದರೂ ಮತ್ತೆ ಬಂತಲ್ಲ ಎಂದುಕೊಂಡೆ. ಎರವಲು ಕೊಡುವುದು ಕಳ್ಳತನವಲ್ಲ ಎಂದು ಕಂಪನಿಯೊಂದು ಒಪ್ಪಿಕೊಂಡ ಹಾಗಾಯಿತು. ಮಾರುವ ಹಕ್ಕು, ಬಿಟ್ಟು ಹೋಗುವ ಹಕ್ಕು ಮಾತ್ರ ಇನ್ನೂ ಇಲ್ಲ.

ಇವೆಲ್ಲ ದೊಡ್ಡ ಯಂತ್ರ ಇಟ್ಟವರ ಮಾತು ಎನ್ನಬಹುದು. ಮೊಬೈಲಿನಲ್ಲಿ ಆಡುವವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ನಮ್ಮ ಹಳ್ಳಿಗಳಲ್ಲೂ ಅರಳಿಕಟ್ಟೆಯ ಮೇಲೆ ಕೂತು ಹುಡುಗರು ಆಡುತ್ತಿದ್ದ ಪಬ್‌ಜಿ ಮೊಬೈಲ್ ಅದರಲ್ಲಿ ಒಂದು. ಅದರೊಳಗೆ ಅಂಗಿ, ಕೋವಿಯ ಬಣ್ಣ ಎಂದು ಹಣ ಹಾಕಿದ್ದವರು ಲೆಕ್ಕವಿಲ್ಲ. ಮುಂದಿನ ವರ್ಷ ಜುಲೈ 2ಕ್ಕೆ ಕೊರಿಯದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ತಂದಿತು, ಹಳೆಯ ಖಾತೆಯಲ್ಲಿದ್ದುದನ್ನು ಹೊಸದಕ್ಕೆ ತರಲು ದಾರಿಯನ್ನೂ ಮಾಡಿತು. ಮಾಡದೆ ಇದ್ದಿದ್ದರೂ ಕೇಳುವವರಿರಲಿಲ್ಲ, ಆದ್ದರಿಂದ ಇದನ್ನು ಹೊಗಳಬೇಕು. ಆದರೆ ಆ ದಾರಿ ಎಲ್ಲರಿಗೂ ಇರಲಿಲ್ಲ. ಹೆಸರು ಕೊಡದೆ ‘ಅತಿಥಿ’ಯಾಗಿ ಆಡಿದವರದು ಬರಲಿಲ್ಲ. 2021ರ ಡಿಸೆಂಬರ್ 31ಕ್ಕೆ ಆ ದಾರಿಯನ್ನು ಮುಚ್ಚಿದರು. 2022ರ ಜುಲೈನಲ್ಲಿ ಆಟವೇ ಅಂಗಡಿಯಿಂದ ಮಾಯವಾಗಿ, ಮತ್ತೆ ಬಂದದ್ದು 2023ರ ಮೇ ತಿಂಗಳಲ್ಲಿ. ಅಂದಮೇಲೆ ಖಾತೆಯೊಳಗಿನ ಸಾಮಾನು ಕಂಪನಿಯ ಮರ್ಜಿಯ ಜೊತೆಗೆ ಸರ್ಕಾರಗಳ ಮರ್ಜಿಯಲ್ಲೂ ಇದೆ.

ಕಂಪನಿಯವರ ಕಡೆಯ ನ್ಯಾಯವನ್ನೂ ಕೇಳಬೇಕು. ಇಳಿಸಿಕೊಂಡ ಆಟವನ್ನು ಕ್ಷಣದಲ್ಲಿ ನೂರು ಪ್ರತಿ ಮಾಡಬಹುದು, ಮಾರಲು ಬಿಟ್ಟರೆ ಮಾಡಿದವರ ಹೊಟ್ಟೆಗೆ ಏನು ಎನ್ನುತ್ತಾರೆ. ಅದು ಸುಳ್ಳಲ್ಲ, ಆಟ ಬರೆಯುವವರೂ ಕೆಲಸಗಾರರೇ. ದೂರದ ಕಂಪ್ಯೂಟರುಗಳನ್ನು ವರ್ಷಗಟ್ಟಲೆ ನಡೆಸಲು ಖರ್ಚಿದೆ ಎನ್ನುತ್ತಾರೆ, ಅದೂ ನಿಜ. ಡಬ್ಬಿ ಕಳೆದರೆ, ಡಿಸ್ಕಿಗೆ ಗೀರು ಬಿದ್ದರೆ ಹೋಯಿತು, ಖಾತೆಯಲ್ಲಿದ್ದರೆ ಎಷ್ಟು ಸಲ ಬೇಕಾದರೂ ಇಳಿಸಿಕೊಳ್ಳಬಹುದು ಎನ್ನುತ್ತಾರೆ. ಈ ಮಾತು ಅಂಗಡಿ ತೆರೆದಿರುವ ತನಕ ಮಾತ್ರ ನಿಜ. ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರು ಓಡಿಸುವ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ಕ್ಕೆ ಅದರ ಕಂಪ್ಯೂಟರುಗಳನ್ನು ನಿಲ್ಲಿಸಿದಾಗ ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ಇಲ್ಲವಾಯಿತು. ಇದರ ಸಿಟ್ಟಿಗೆ ಯುರೋಪಿನಲ್ಲಿ ನಡೆದ ಸಹಿ ಸಂಗ್ರಹಕ್ಕೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಪುಸ್ತಕ ಓದುವವರಿಗೂ ಈ ಅನುಭವ ಮೊದಲೇ ಆಗಿದೆ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿನ ತಕರಾರು ಬಂದಿತೆಂದು, ಜನ ಕಿಂಡಲಿನಲ್ಲಿ ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ದೂರದಿಂದಲೇ ಅಳಿಸಿತ್ತು. ಹಣ ವಾಪಸು ಕೊಟ್ಟಿತೆನ್ನಿ. ಆದರೆ ನಾನು ಬೀಗ ಹಾಕಿಕೊಂಡು ಸಂತೆಗೆ ಹೋದಾಗ ಮನೆಯೊಳಗೆ ಬಂದು ಪುಸ್ತಕ ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದವರನ್ನು ನಾವು ಏನೆಂದು ಕರೆಯುತ್ತೇವೆ?

ಈಗ ಅಕ್ಕನ ಪ್ರಶ್ನೆಗೆ ಬರುತ್ತೇನೆ. ದುಡ್ಡು ಕೊಟ್ಟವಳು ಅವಳು, ಆಡಿದವಳು ಮಗಳು, ಖಾತೆ ಮಗನದು. ಮಗ ಕೆಟ್ಟವನಲ್ಲ. ಅವನಿಗೆ ಹೀಗಾಗುತ್ತದೆಂದು ಗೊತ್ತೂ ಇರಲಿಲ್ಲ. ಆದರೂ ಒಬ್ಬ ಹೆಂಗಸಿನ ದುಡಿಮೆಯಿಂದ ಮನೆಗೆ ಬಂದ ಸಾಮಾನು ಸದ್ದಿಲ್ಲದೆ ಗಂಡುಮಗನ ಹೆಸರಿಗೆ ಆಗಿಹೋಗಿತ್ತು. ಇದರಲ್ಲಿ ಹೊಸತೇನಿದೆ? ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲಿದೆ ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾಯ್ದೆ ಮಾಡಬೇಕಾಯಿತು. ಅದಾದ ಮೇಲೂ ಪಹಣಿಯಲ್ಲಿ ಹೆಣ್ಣಿನ ಹೆಸರು ಹುಡುಕಬೇಕು.

ಖಾತೆ ಇದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗದು, ಅದು ಕಂದಾಯದ ಲೆಕ್ಕಕ್ಕೆ ಎಂದು ವಕೀಲರು ಹೇಳುತ್ತಾರೆ. ಆದರೂ ಜಮೀನಿನ ಖಾತೆಗೆ ಒಂದು ಕ್ರಮವಿದೆ. ಬದಲಾಯಿಸುವಾಗ ನೋಟಿಸು ಹೊರಡುತ್ತದೆ, ತಕರಾರಿಗೆ ಅವಕಾಶವಿದೆ, ತಹಶೀಲ್ದಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮಧುಗಿರಿಯ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕು ತಾಲ್ಲೂಕಿನವರೂ ಬರುವುದು ಅಲ್ಲಿಗೇ. ತಿರುಗಿ ತಿರುಗಿ ಚಪ್ಪಲಿ ಸವೆಯುತ್ತದೆ, ನಿಜ. ಆದರೆ ಎದುರಿಗೆ ಒಬ್ಬ ಮನುಷ್ಯ ಕೂತಿರುತ್ತಾನೆ. ಖಾತೆದಾರ ಸತ್ತರೆ ಪೌತಿ ಖಾತೆ ಎಂಬುದಿದೆ. ಆಟದ ಖಾತೆಯವರು ಸತ್ತರೆ? ಉಯಿಲಿನಿಂದಲೂ ಖಾತೆ ಬೇರೆಯವರಿಗೆ ಹೋಗದು ಎಂದು ಸ್ಟೀಮ್ ಉತ್ತರ ಕೊಟ್ಟದ್ದು 2024ರಲ್ಲಿ ಸುದ್ದಿಯಾಯಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ ನಾಮಿನಿ ಹೆಸರಿಸುವ ಹಕ್ಕನ್ನು ಬರೆದಿದ್ದಾರೆ. ಅದು ಸತ್ತವರ ಮಾಹಿತಿಯ ಬಗ್ಗೆ ಕೇಳುವ ಹಕ್ಕೇ ಹೊರತು ಅವರು ಕೊಂಡ ಆಟ, ಪುಸ್ತಕ, ಸಿನಿಮಾಗಳನ್ನು ಮಕ್ಕಳಿಗೆ ಕೊಡಿಸುವುದಿಲ್ಲ.

ಅಕ್ಕನ ಮನೆಯ ಬೀಗ ಗೌರಿ ಹಬ್ಬಕ್ಕೆ ಮಗ ಬಂದಾಗ ತೆಗೆಯಿತು. ಇಲ್ಲಿಯ ಹಳೆಯ ಯಂತ್ರವನ್ನೇ ಮತ್ತೆ ‘ಮನೆಯ ಯಂತ್ರ’ ಎಂದು ಗುರುತು ಹಾಕಿದ. ಹೀಗೆ ಮಾಡಿದರೆ ಆ ಯಂತ್ರದಲ್ಲಿ ಮನೆಯವರೆಲ್ಲ ಅವನ ಆಟಗಳನ್ನು ಆಡಬಹುದು, ಅವನು ಪುಣೆಯಲ್ಲಿ ತನ್ನ ಖಾತೆಯಿಂದ ಒಳಗೆ ಹೋಗಿ ಆಡಬಹುದು. ಈ ಗುರುತನ್ನು ವರ್ಷಕ್ಕೆ ಇಷ್ಟೇ ಸಲ ಬದಲಿಸಬಹುದು ಎಂದು ಮಿತಿ ಇಟ್ಟ ಕಂಪನಿಗಳೂ ಇವೆ. ಹಾಗಾಗಿ ಹೊಸ ಯಂತ್ರ ತರುವವರ ಮನೆಯಲ್ಲಿ ‘ಹೌದು’ ಎಂದು ಒತ್ತುವ ಮೊದಲು ಹಳೆಯದರಲ್ಲಿ ಯಾರು ಆಡುತ್ತಿದ್ದಾರೆಂದು ಕೇಳಿಕೊಳ್ಳುವುದು ಒಳ್ಳೆಯದು. ಆಟದಲ್ಲಿ ಮುಂದುವರಿದಷ್ಟು ಭಾಗ ಬೇರೆಯಾಗಿ ಉಳಿದಿರುತ್ತದೆ, ಆಟದ ಜೊತೆಗೆ ತಾನಾಗಿ ಬರುತ್ತದೆಂದು ನಂಬಿ ಹಳೆಯ ಯಂತ್ರವನ್ನು ಒರೆಸಿ ಮಾರಬಾರದು. ಮುಂದಿನ ಆಟಗಳನ್ನು ಅಕ್ಕ ತನ್ನ ಹೆಸರಿನಲ್ಲೇ ಖಾತೆ ತೆರೆಸಿ ಅದರಲ್ಲಿ ತೆಗೆದುಕೊಡುತ್ತಿದ್ದಾಳೆ. ಗುಪ್ತಪದವನ್ನು ಪಡಿತರ ಚೀಟಿ ಇಡುವ ಡಬ್ಬಿಯಲ್ಲಿ ಬರೆದಿಟ್ಟಿದ್ದಾಳೆ. ಡಿಸ್ಕಿನಲ್ಲಿ ಸಿಗುವ ಆಟವಾದರೆ ಡಿಸ್ಕನ್ನೇ ಕೇಳುತ್ತಾಳೆ.

ಇದು ಮನೆಯ ಮಟ್ಟಿಗಿನ ಉಪಾಯ. ಮನೆಯ ಹೊರಗೆ ಆಗಬೇಕಾದದ್ದು ಬೇರೆ ಇದೆ. ಗುತ್ತಿಗೆಯಾದರೆ ಗುತ್ತಿಗೆ ಎಂದು ಬರೆಯಲಿ, ಅದಕ್ಕೆ ತಕ್ಕ ಬೆಲೆ ಇಡಲಿ. ಕ್ರಯದ ಬೆಲೆ ತೆಗೆದುಕೊಂಡರೆ ಕ್ರಯದ ಹಕ್ಕು ಕೊಡಲಿ. ಅಂಗಡಿ ಮುಚ್ಚುವಾಗ, ಕೊಂಡವರು ತಮ್ಮದನ್ನು ಇಟ್ಟುಕೊಳ್ಳಲು ದಾರಿ ಬಿಡಲಿ. ಒಪ್ಪಂದ ಕನ್ನಡದಲ್ಲಿರಲಿ. ಇವುಗಳಲ್ಲಿ ಯಾವುದೂ ಅತಿಯಾಸೆಯ ಬೇಡಿಕೆಯಲ್ಲ. ಸಂತೆಯಲ್ಲಿ ಒಂದು ಸೇರು ಕಡಲೆಕಾಯಿ ಕೊಳ್ಳುವಾಗಲೂ ನಾವು ಅಳತೆ ನೋಡಿ, ಕೈಗೆ ಬಂತೆಂದು ಖಾತರಿ ಮಾಡಿಕೊಂಡೇ ಹಣ ಕೊಡುತ್ತೇವೆ. ಮೂರು ಸಾವಿರದ ಸಾಮಾನಿಗೆ ಅಷ್ಟನ್ನಾದರೂ ಕೇಳಬಾರದೇ?